ಭಾಮೈದನಿಗೊಂದು ಗಾಳದ ರಾಡ್

ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಕಿಡಿ ಎಂದೇ ಕರೆಯುತ್ತಿದ್ದರು. ವೆಲ್ಡಿಂಗ್ ಮಾಡುವವನಿಗೆ ಆ ಹೆಸರು ಬಂದದ್ದರಲ್ಲಿ ವಿಶೇಷವೇನು ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಕೆಲವು ದಿನ ಅವನ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಮೇಲೆ, ಹೆಸರಿಗೂ ವೆಲ್ಡಿಂಗಿಗೂ ಸಂಬಂಧವಿಲ್ಲ, ಸಂಬಂಧವಿರುವುದು ಮೂಗಿನ ತುದಿಯ ಸಿಟ್ಟಿಗೆ ಎಂದು ತಿಳಿಯುತ್ತಿತ್ತು.

ಆದರೆ ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಬೆಸೆದ ಕಬ್ಬಿಣವನ್ನು ಬರೀ ಕಣ್ಣಿನಲ್ಲಿ ನೋಡಿ ಅವನು ಎಂದೂ ಒಪ್ಪಿದವನಲ್ಲ. ಒಂದು ತುದಿಯನ್ನು ಮೇಜಿಗೆ ಬಿಗಿದ ಇಕ್ಕಳದಂಥ ವೈಸಿನ ಬಾಯಿಗೆ ಕೊಟ್ಟು, ಇನ್ನೊಂದು ತುದಿ ಹಿಡಿದು, ಮೈಭಾರವೆಲ್ಲ ಹಾಕಿ ಬಗ್ಗಿಸುತ್ತಿದ್ದ. ಬೆಸುಗೆ ಬಿಟ್ಟುಕೊಂಡರೆ ಅದು ಗುಜರಿಗೆ, ಬಿಡದಿದ್ದರೆ ಗಾಡಿಗೆ. ಬಗ್ಗಿಸಿ ನೋಡದೆ ಯಾವುದನ್ನೂ ನಂಬಬೇಡ ಎಂದು ಕೆಲಸ ಕಲಿಸಿದವನು ಹೇಳಿದ್ದ. ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೇ ಆದ್ದರಿಂದ ಕಿಡಿ ಈ ಒಂದು ಪಾಠವನ್ನೇ ಎಲ್ಲ ಕಡೆಗೂ ಎಳೆದುಕೊಂಡು ಹೋಗುತ್ತಿದ್ದ. ಕುರ್ಚಿ ಕೊಳ್ಳಲು ಹೋದರೆ ಅದರ ಬೆನ್ನು ಬಗ್ಗಿಸುವುದು, ಚಮಚ ಕೊಂಡರೆ ಚಮಚ ಬಗ್ಗಿಸುವುದು. ನಮ್ಮನೆಯಲ್ಲಿ ನೆಟ್ಟಗಿರುವ ಚಮಚ ಒಂದೂ ಇಲ್ಲ, ನೆಟ್ಟಗಿರುವವಳು ನಾನೊಬ್ಬಳೇ ಎಂದು ಅವನ ಹೆಂಡತಿ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು.

ಅವನ ಬಾಯಿ ಮುಚ್ಚಿರುತ್ತಿದ್ದುದು ಭಾನುವಾರ ಬೆಳಗ್ಗೆ ಮಾತ್ರ. ಅಣೆಕಟ್ಟಿನ ಹಿನ್ನೀರಿಗೆ ಬಸ್ಸಿನಲ್ಲಿ ಹೋಗಿ ಬಾಸ್ ಮೀನಿಗೆ ಗಾಳ ಹಾಕುತ್ತಿದ್ದ. ಬಾಸ್ ಎನ್ನುವುದು ಅವನ ಹಾಗೆಯೇ ದೊಡ್ಡ ಬಾಯಿಯ, ಮುಂಗೋಪದ ಮೀನು. ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಯ ಹಿಂದೆ, ಜೊಂಡಿನ ಸಂದಿಯಲ್ಲಿ ಹೊಂಚು ಹಾಕಿ ಕೂತಿರುತ್ತದೆ. ಗಾಳಕ್ಕೆ ಸಿಕ್ಕಿಸಿದ ರಬ್ಬರ್ ಹುಳವನ್ನು ಅದರ ಮೂಗಿನ ಮುಂದೆ ಕುಣಿಸಿದರೆ, ಹಸಿವಿಲ್ಲದಿದ್ದರೂ ಸಿಟ್ಟಿಗಾದರೂ ಬಂದು ಕಚ್ಚುತ್ತದೆ. ಕಚ್ಚಿದ ಕೂಡಲೇ ಎಳೆಯಬೇಕು. ಒಂದು ಗಳಿಗೆ ತಡವಾದರೆ ದಾರವನ್ನು ಬೊಡ್ಡೆಗೆ ಸುತ್ತಿ ಹೊರಟುಹೋಗುತ್ತದೆ. ಕಿಡಿಯ ಹತ್ತಿರ ಇದ್ದದ್ದು ಹಳೆಯ ದಪ್ಪನೆಯ ಫೈಬರ್ ರಾಡ್. ಒನಕೆಯಷ್ಟು ಭಾರ, ಒನಕೆಯಷ್ಟೇ ಗಟ್ಟಿ. ಅದನ್ನು ಬಿಟ್ಟು ಬೇರೆ ರಾಡ್ ಹಿಡಿಯುವವರೆಲ್ಲ ಅವನ ಕಣ್ಣಿಗೆ ಹಲ್ಲುಕಡ್ಡಿ ಹಿಡಿದವರು.

ಹೆಂಡತಿಯ ತಮ್ಮ ಇದಕ್ಕೆ ಪೂರ್ತಿ ಉಲ್ಟಾ. ಅವನು ದರ್ಜಿ. ಊಟಕ್ಕೆ ಕೂತರೂ ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿದ್ದುದರಿಂದ ಮನೆಯಲ್ಲೂ ಬೀದಿಯಲ್ಲೂ ಅವನ ಹೆಸರು ಟೇಪು ಎಂದೇ ಆಗಿತ್ತು. ಅಕ್ಕನ ಮನೆಯ ಎದುರು ಸಾಲಿನಲ್ಲಿ, ಬೀದಿಗೆ ಬಾಗಿಲಿರುವ ಕೋಣೆಯಲ್ಲಿ ಅವನ ಮಿಷನ್ನು, ಉದ್ದನೆಯ ಕತ್ತರಿಸುವ ಮೇಜು. ಮದುವೆಯಿಲ್ಲ, ಗಲಾಟೆಯಿಲ್ಲ. ಕೋಟಿನ ಬಟ್ಟೆಗೆ ಅವನು ಕತ್ತರಿ ಇಟ್ಟನೆಂದರೆ ಬೆಣ್ಣೆಗೆ ಚಾಕು ಇಟ್ಟ ಹಾಗೆ ಎಂದು ಗಿರಾಕಿಗಳು ಹೇಳುತ್ತಿದ್ದರು. ಹೋದ ವರ್ಷ ಅವನಿಗೆ ಕಾಯಿಲೆ ಬಂದು ಬಲಗೈಯ ಶಕ್ತಿ ಹೋಯಿತು. ಮೆಲ್ಲಗೆ ತಿರುಗಿಯೂ ಬಂತು, ಆದರೆ ನಡುಕವನ್ನು ಜೊತೆಗೆ ಕರೆದುಕೊಂಡು ಬಂತು. ಕೋಟು ಬಿಟ್ಟು ದಿಂಬಿನ ಚೀಲ, ಪರದೆ, ಗುಂಡಿ ಹಾಕುವುದು, ಇಷ್ಟಕ್ಕೆ ಇಳಿದ. ಮಣಿಕಟ್ಟಿಗೆ ಕೆಲಸ ಕೊಡಿ, ನಿಮಗೆ ಖುಷಿ ಕೊಡುವ ಯಾವುದಾದರೂ ಸರಿ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸು ಹೇಳಿ ಕಳಿಸಿದ್ದಳು. ಅವನಿಗೆ ಯಾವುದರಲ್ಲೂ ಖುಷಿ ಇರಲಿಲ್ಲ. ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದ.

ಅಂಥವನು ಒಂದು ದಿನ ಕಿಡಿಯ ಮನೆಯಲ್ಲಿ, ಕಿಡಿ ಹಿಡಿದು ತಂದಿದ್ದ ಮೀನನ್ನು ಬಹಳ ಹೊತ್ತು ನೋಡಿ, ತಾನೂ ಒಂದು ಭಾನುವಾರ ಬರಬಹುದೇ ಎಂದು ಕೇಳಿದ. ಅಕ್ಕನ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. ಅವನು ಬಾಯಿಬಿಟ್ಟು ಏನನ್ನಾದರೂ ಕೇಳಿ ಎಷ್ಟೋ ತಿಂಗಳಾಗಿತ್ತು. ಅವತ್ತು ಅಡುಗೆಮನೆಯಲ್ಲಿ ಅವಳು ಗಂಡನ ತೋಳು ಹಿಡಿದು ಹೇಳಿದಳು:

"ಅವನನ್ನ ಕರ್ಕೊಂಡು ಹೋಗಿ ಒಂದು ರಾಡ್ ಕೊಡ್ಸಿ. ದುಬಾರಿದು ಬೇಡ, ಅವನು ಒಪ್ಪಲ್ಲ. ಆದ್ರೆ ಚೆನ್ನಾಗಿರ್ಬೇಕು. ಮತ್ತೆ ಬಾಯಿ ಸ್ವಲ್ಪ ಹಿಡ್ಕೊಂಡಿರಿ."

ಕಿಡಿಗೆ ಖುಷಿಯೇ ಆಯಿತು. ದಾರಿಯುದ್ದಕ್ಕೂ ಭಾಮೈದನಿಗೆ ಪಾಠ ಮಾಡಿದ. ಬಾಸಿಗೆ ತೀರಾ ಉದ್ದದ ರಾಡ್ ಬೇಡ, ನಿನ್ನ ತಲೆಗಿಂತ ಒಂದು ಗೇಣು ಎತ್ತರವಿದ್ದರೆ ಸಾಕು. ತುದಿ ಚುರುಕಾಗಿರಬೇಕು, ಹುಳವನ್ನು ಮೀನು ಮೂಸಿ ನೋಡಿದರೂ ಕೈಗೆ ತಿಳಿಯಬೇಕು. ಬೆನ್ನು ಗಟ್ಟಿಯಿರಬೇಕು, ಜೊಂಡಿನಿಂದ ಎಳೆದು ತರಬೇಕಲ್ಲ. ಕಡಿಮೆ ಬೆಲೆಯಲ್ಲಿ ಇವೆಲ್ಲ ಸಿಗುವುದು ಕಷ್ಟ, ಅದಕ್ಕೇ ಗೊತ್ತಿರುವವನು ಜೊತೆಗಿರಬೇಕು ಎಂದು ಎದೆ ಮುಟ್ಟಿಕೊಂಡು ಹೇಳಿದ. ಟೇಪು ಹೂಂ ಹೂಂ ಎನ್ನುತ್ತ ನಡೆದ.

ಗಾಳದ ಸಾಮಾನಿನ ಅಂಗಡಿ ಉದ್ದಕ್ಕೆ ರೈಲುಡಬ್ಬಿಯಂತಿತ್ತು. ಒಂದು ಗೋಡೆಗೆ ರಾಡ್‌ಗಳು, ಇನ್ನೊಂದಕ್ಕೆ ರಬ್ಬರ್ ಹುಳಗಳ ಪೊಟ್ಟಣಗಳು. ಒಳಗೆಲ್ಲ ಹೊಸ ಚಪ್ಪಲಿಯ ವಾಸನೆ. ಅಂಗಡಿಯಾಕೆ ಕನ್ನಡಕವನ್ನು ದಾರ ಕಟ್ಟಿ ಎದೆಗೆ ಇಳಿಬಿಟ್ಟುಕೊಂಡಿದ್ದ, ಮಾತು ಕಡಿಮೆಯ ಹೆಂಗಸು. ಅಗ್ಗದ್ದರಲ್ಲಿ ಒಳ್ಳೆಯದು ಬೇಕು ಎಂದಾಗ ಮೂರು ರಾಡ್ ತೆಗೆದು ಗಾಜಿನ ಮೇಲಿಟ್ಟಳು. ಒಂದು ಫೈಬರಿನದು, ಕಿಡಿಯದರ ತಮ್ಮನಂತಿತ್ತು. ಇನ್ನೊಂದು ಕೆಂಪು ಚಿನ್ನದ ಬಣ್ಣದಲ್ಲಿ ಮದುವಣಗಿತ್ತಿಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಮೂರನೆಯದು ಎರಡು ತುಂಡಿನ ಕಪ್ಪು ಕಾರ್ಬನ್ ರಾಡ್, ಏನೂ ಅಲಂಕಾರವಿಲ್ಲದ್ದು. ಕಿಡಿ ಫೈಬರಿನದನ್ನು ಎತ್ತಿ ಭಾಮೈದನ ಕೈಗೆ ಕೊಟ್ಟ. ಅವನು ಒಂದು ಕ್ಷಣ ಹಿಡಿದು, ಭಾರ ಎಂದು ಮೆಲ್ಲಗೆ ಕೆಳಗಿಟ್ಟ. ಆಮೇಲೆ ತಾನೇ ಕೈ ಚಾಚಿ ಕಪ್ಪು ರಾಡ್ ತೆಗೆದುಕೊಂಡ. ಕೈ ನಡುಗಿತು, ತುದಿಯೂ ನಡುಗಿತು. ಅವನು ಅದನ್ನೇ ನೋಡುತ್ತ ನಕ್ಕ. ಕಾಯಿಲೆ ಬಿದ್ದ ಮೇಲೆ ಅವನ ಹಲ್ಲು ಕಂಡದ್ದು ಅದೇ ಮೊದಲು.

"ಹಗುರವಾಗಿದೆ ಭಾವ. ಸೂಜಿ ಹಿಡಿದ ಹಾಗಿದೆ."

ಅಂಗಡಿಯಾಕೆಯೂ ತಲೆಯಾಡಿಸಿದಳು. ಆ ಕೆಂಪು ರಾಡ್ ಮಾಡಿದವರು ದುಡ್ಡನ್ನೆಲ್ಲ ಬಣ್ಣಕ್ಕೆ ಸುರಿದಿದ್ದಾರೆ, ಇದನ್ನು ಮಾಡಿದವರು ದಾರ ಹಾಯುವ ರಿಂಗುಗಳಿಗೆ ಹಾಕಿದ್ದಾರೆ, ನಿಮ್ಮ ಕೈಗೆ ಇದೇ ಸರಿ ಎಂದಳು. ರೀಲು ಹಾಕಿ, ದಾರ ಪೋಣಿಸಿ ತೋರಿಸುತ್ತೇನೆ, ಅಲ್ಲಿಯವರೆಗೆ ತುದಿ ಹಿಡಿದು ಬಗ್ಗಿಸಬೇಡಿ ಎಂದು ಹೇಳಿ, ಮೇಲಿನ ಗೂಡಿನಿಂದ ರೀಲು ತೆಗೆಯಲು ಸ್ಟೂಲು ಹತ್ತಿದಳು.

ಕಿಡಿಗೆ ಉರಿಯಿತು. ಇಷ್ಟು ವರ್ಷ ಬಾಸ್ ಹಿಡಿದವನು ಅವನು, ಆರಿಸಿದವರು ಇವರಿಬ್ಬರು. ಬೇಡ ಎಂದು ಯಾರಾದರೂ ಹೇಳಿದರೆ ಅವನ ಕಿವಿಗೆ ಅದು ಮಾಡು ಎಂದೇ ಕೇಳುತ್ತಿತ್ತು. ಇಷ್ಟು ಸಣ್ಣದು ಬಾಸಿನ ಒಂದು ಎಳೆತಕ್ಕೆ ತಡೆಯುತ್ತದೆಯೇ, ಈಗಲೇ ನೋಡಿಬಿಡೋಣ ಎಂದು, ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಭಾಮೈದನಿಗೆ ಹೇಳಿದ. ಟೇಪು ಎರಡೂ ಕೈಯಲ್ಲಿ ಹಿಡಿದ. ಅವನ ಕೈಯೇ ವೈಸು. ಕಿಡಿ ತುದಿ ಹಿಡಿದ, ಕಬ್ಬಿಣಕ್ಕೆ ಹಾಕುವ ಹಾಗೆ ಭಾರ ಹಾಕಿದ.

ಟಕ್ ಎಂದಿತು. ದೊಡ್ಡ ಸದ್ದೇನಲ್ಲ, ಒಣಕಡ್ಡಿ ಮುರಿದಷ್ಟು.

ಕೈಯಲ್ಲಿ ಗೇಣುದ್ದದ ತುಂಡು ಉಳಿಯಿತು. ಕಿಡಿಯ ಬಾಯಿಂದ ಮೊದಲು ಹೊರಟದ್ದೇ ಮಾಲು ಸರಿಯಿಲ್ಲ ಎನ್ನುವ ಮಾತು. ಒಳಗೇ ಸೀಳು ಬಿಟ್ಟಿರುವುದನ್ನು ಬಡವರ ತಲೆಗೆ ಕಟ್ಟುತ್ತೀರಾ ಎಂದು ಬೀದಿಗೆ ಕೇಳುವಷ್ಟು ಜೋರಾಗಿ ಕೂಗಿದ. ಅಂಗಡಿಯಾಕೆ ಸ್ಟೂಲಿನಿಂದ ಇಳಿದಳು. ಕನ್ನಡಕ ಹಾಕಿಕೊಂಡು ಮುರಿದ ಜಾಗವನ್ನು ನೋಡಿದಳು.

"ತುದಿ ಹಿಡ್ದು ಬಗ್ಗಿಸಿದ್ರಾ?"

ಕಿಡಿ ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದಿಂದ ಟೇಪುವಿನ ದನಿ ಬಂತು. ಮುಖ ಬಿಳಿಚಿಕೊಂಡಿತ್ತು.

"ಭಾವ ಸುಮ್ನೆ ಹಿಡ್ಕೊಂಡಿದ್ರು ಅಮ್ಮ. ನನ್ನ ಕೈ ನಡುಗಿಬಿಡ್ತು. ನಾನೇ ಎಳೆದುಬಿಟ್ಟೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಭಾವನನ್ನು ಕಾಪಾಡಲು ಹೇಳಿದ ಮಾತೂ ಅಲ್ಲ. ತನ್ನ ಕೈಯೇ ಜರ್ರೆಂದು ಎಳೆಯಿತು ಎಂದು ಅವನು ನಿಜವಾಗಿಯೂ ನಂಬಿದ್ದ; ಆ ಕೈ ಅವನಿಗೆ ಅಷ್ಟು ಸಲ ಮೋಸ ಮಾಡಿತ್ತು. ಕಿಡಿಗೆ ಮಾತ್ರ ಗೊತ್ತಿತ್ತು, ಹಿಡಿ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಯಾವ ವೈಸೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

ಭಾನುವಾರ ಬಿಟ್ಟು ಎಂದೂ ಮುಚ್ಚದ ಬಾಯಿ ಅವತ್ತು ಮುಚ್ಚಿಕೊಂಡಿತು.

ಮುರಿದ ರಾಡಿನ ಬೆಲೆಯನ್ನು ಟೇಪು ತನ್ನ ಜೇಬಿನಿಂದಲೇ ಕೊಟ್ಟ. ಕಿಡಿ ಹುಳಗಳ ಪೊಟ್ಟಣಗಳನ್ನು ನೋಡುತ್ತ ನಿಂತಿದ್ದ. ಮನೆಯಲ್ಲಿ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಬರಿಗೈಯಲ್ಲಿ ಬಂದವರನ್ನು ಕಂಡು ಏನಾಯಿತು ಎಂದು ಕೇಳಿದಾಗ, ತನ್ನ ಕೈಯಿಂದ ಆದದ್ದು ಎಂದು ಟೇಪು ಮತ್ತೊಮ್ಮೆ ಹೇಳಿದ. ಅವಳು ಗಂಡನ ಮುಖ ನೋಡಿದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ, ಅದು ಸಾಲದು ಎಂಬಂತೆ ಇನ್ನೊಂದನ್ನು ಹೇಳಿದ.

"ಹೋಗ್ಲಿ ಬಿಡು. ಅವನ ಕೈ ಇನ್ನೂ ಸರಿಯಾಗಿಲ್ಲ."

ಅಂಗಡಿಯಲ್ಲಿ ಸುಮ್ಮನಿದ್ದದ್ದು ಹೇಡಿತನ ಎಂದರೆ ಇದಕ್ಕೆ ಏನು ಹೆಸರು ಎಂದು ಕಿಡಿ ಆಮೇಲೆ ಎಷ್ಟೋ ಸಲ ಯೋಚಿಸಿದ. ಹೆಸರು ಸಿಗಲಿಲ್ಲ. ಊಟಕ್ಕೆ ಕೂತರೆ ಬಗ್ಗಿದ ಚಮಚ ಕಣ್ಣಿಗೆ ಬೀಳುತ್ತಿತ್ತು. ಅದನ್ನು ಪಕ್ಕಕ್ಕೆ ತಳ್ಳಿ ಕೈಯಲ್ಲೇ ತಿನ್ನುತ್ತಿದ್ದ. ಗ್ಯಾರೇಜಿನಲ್ಲಿ ವೈಸಿನ ಮುಂದೆ ನಿಂತರೆ ಕೈ ಮುಂದೆ ಹೋಗುತ್ತಿರಲಿಲ್ಲ. ಒಂದು ದಿನ ಬಗ್ಗಿಸಿಯೇ ನೋಡದೆ ಒಂದು ಬೆಸುಗೆಯನ್ನು ದಾಟಿಸಿಬಿಟ್ಟಾಗ ಪೇಂಟರ್ ತಮಾಷೆ ಮಾಡಿದ, ಏನಣ್ಣ ಕಿಡಿ ಆರಿಹೋಯ್ತಾ, ಊದಬೇಕಾ ಎಂದು. ಬೇರೆ ದಿನವಾಗಿದ್ದರೆ ಸ್ಪ್ಯಾನರ್ ಹಾರುತ್ತಿತ್ತು. ಅವತ್ತು ಕಿಡಿ ಆ ತುಂಡನ್ನು ಗಾಡಿಯಿಂದ ಬಿಚ್ಚಿ ತಂದು, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಮತ್ತೆ ಬೆಸೆದ.

ಎದುರು ಸಾಲಿನಲ್ಲಿ ಟೇಪು ಕತ್ತರಿಯನ್ನು ಮುಟ್ಟುವುದನ್ನೇ ಬಿಟ್ಟ. ದಿಂಬಿನ ಚೀಲಕ್ಕೆಂದು ಕೊಟ್ಟಿದ್ದ ಬಟ್ಟೆಗಳನ್ನೂ ಮಡಿಸಿ ವಾಪಸ್ ಕೊಟ್ಟ. ಜನರ ಬಟ್ಟೆ ಹಾಳು ಮಾಡುವ ಹಕ್ಕು ನನಗಿಲ್ಲ ಎಂದು ಅಕ್ಕನಿಗೆ ಹೇಳಿದನಂತೆ. ಕಿಡಿ ಎರಡು ಸಲ ಹೇಳಿಬಿಡಬೇಕೆಂದು ಬೀದಿ ದಾಟಿ ಹೋದ. ಮೊದಲ ಸಲ, ಕೋಣೆಯಲ್ಲಿ ಬೆಳಕು ಸಾಲದು, ಕಣ್ಣು ಕಳೆದುಕೊಳ್ಳುತ್ತೀಯಾ ಎಂದು ಬೈದು ಬಂದ. ಎರಡನೆಯ ಸಲ ಮಿಷನ್ನಿನ ಬೆಲ್ಟು ಸಡಿಲವಾಗಿದೆ ಎಂದು ಬೈದ. ಟೇಪು ಎರಡು ಸಲವೂ ಹೌದು ಭಾವ ಎಂದ. ಆ ಹೌದು ಭಾವ ಎನ್ನುವುದು ಕಿಡಿಯ ಬೆನ್ನ ಮೇಲೆ ಹೊಡೆತ ಬಿದ್ದ ಹಾಗಾಗುತ್ತಿತ್ತು. ಒಂದೇ ಒಂದು ಸಲ ಅವನು ತಿರುಗಿ ಬೈದಿದ್ದರೆ ಸತ್ಯ ತಾನಾಗಿಯೇ ಉದುರುತ್ತಿತ್ತೇನೋ.

ಒಂದು ಬೆಳಗ್ಗೆ ಹೆಂಡತಿ ಊಟದ ಡಬ್ಬಿ ಕಟ್ಟುತ್ತ, ಮೇಲಿನ ಬೀದಿಯ ದರ್ಜಿ ಇವತ್ತು ಮಿಷನ್ ನೋಡಲು ಬರುತ್ತಾನೆ ಎಂದಳು. ಮಿಷನ್ನು, ಮೇಜು, ಕತ್ತರಿ ಎಲ್ಲವನ್ನೂ ಕೊಟ್ಟುಬಿಡುತ್ತಾನಂತೆ. ಅವಳು ಅಳಲಿಲ್ಲ. ಡಬ್ಬಿಯ ಮುಚ್ಚಳ ಮಾತ್ರ ಸರಿಯಾಗಿ ಕೂರಲಿಲ್ಲ, ಮತ್ತೆ ಮತ್ತೆ ಒತ್ತಿದಳು.

ಕಿಡಿ ಡಬ್ಬಿ ತೆಗೆದುಕೊಂಡು ಗ್ಯಾರೇಜಿನ ಕಡೆ ಹೊರಟ. ಮೂಲೆಯವರೆಗೂ ಹೋದ. ಅಲ್ಲಿಂದ ತಿರುಗಿ ಬಂದ.

ಮೇಲಿನ ಬೀದಿಯ ದರ್ಜಿ ಆಗಲೇ ಬಂದು ಮಿಷನ್ ಮುಂದೆ ಕೂತು, ಒಂದು ಚಿಂದಿಯ ಮೇಲೆ ಹೊಲಿಗೆ ಓಡಿಸಿ ನೋಡುತ್ತಿದ್ದ. ಟೇಪು ಗೋಡೆಗೆ ಒರಗಿ ನಿಂತಿದ್ದ; ಕೊರಳಲ್ಲಿ ಟೇಪು ಇರಲಿಲ್ಲ, ಅದು ಸುತ್ತಿಕೊಂಡು ಕತ್ತರಿಯ ಪಕ್ಕದಲ್ಲಿ ಮೇಜಿನ ಮೇಲಿತ್ತು, ಅದೂ ಕೊಡುವ ಸಾಮಾನಿನಲ್ಲಿ ಸೇರಿತ್ತು. ಅದನ್ನು ನೋಡಿದ ಕೂಡಲೇ ಕಿಡಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. ಬಂದ ಸಿಟ್ಟು ಹತ್ತಿರವಿದ್ದ ಮಾತನ್ನು ಎಳೆದುಕೊಂಡು ಬಂತು.

"ಮುರಿದದ್ದು ನಾನು ಕಣೋ. ನಿನ್ನ ಕೈ ಅಲ್ಲಾಡ್ಲೇ ಇಲ್ಲ. ಅಂಗಡಿಯವಳು ಬೇಡ ಅಂದ್ಲು, ನಾನು ಬಗ್ಗಿಸಿದೆ. ಯಾವನು ನಿಂಗೆ ಮಿಷನ್ ಮಾರು ಅಂದಿದ್ದು?"

ಮಿಷನ್ ನಿಂತಿತು. ಬಂದಿದ್ದ ದರ್ಜಿ ಇಬ್ಬರ ಮುಖವನ್ನೂ ನೋಡಿ, ಸೂಜಿಯಿಂದ ಚಿಂದಿ ಬಿಡಿಸಿ, ಇನ್ನೊಂದು ದಿನ ಬರುತ್ತೇನೆ ಎಂದು ಎದ್ದುಹೋದ. ಟೇಪು ಬಲಗೈಯನ್ನು ಎತ್ತಿ, ಯಾರದೋ ಕೈಯನ್ನು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅಂಗಡೀಲಿ ಸುಮ್ನಿದ್ರಿ, ಹೋಗ್ಲಿ. ಅಕ್ಕನ ಮುಂದೆ ಯಾಕೆ ಹಾಗಂದ್ರಿ?"

ಕಿಡಿ ನೆಲ ನೋಡಿದ. ನೆಲದ ಮೇಲೆ ದಾರದ ತುಣುಕುಗಳು ಬಿದ್ದಿದ್ದವು.

"ನಾಚಿಕೆ ಆಯ್ತು."

"ನಿಮ್ಮ ನಾಚಿಕೆ ಮುಚ್ಚೋಕೆ ನನ್ನ ಕೈನೇ ಬೇಕಿತ್ತಾ ಭಾವ?"

ದನಿ ಏರಿರಲಿಲ್ಲ. ಏರಿದ್ದರೆ ಕಿಡಿಗೆ ಗೊತ್ತಿರುವ ದಾರಿಯಾಗುತ್ತಿತ್ತು, ತಾನೂ ಏರಿಸಿ ಬಾಗಿಲು ಬಡಿದು ಹೋಗಬಹುದಿತ್ತು. ಈ ತಣ್ಣನೆಯ ಮಾತಿನ ಮುಂದೆ ಅವನಿಗೆ ತನ್ನ ದೊಡ್ಡ ದೇಹವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಟೇಪು ಮೇಜಿನ ಹತ್ತಿರ ಬಂದು, ಅಕ್ಕನಿಗೆ ನೀವೇ ಹೇಳಿ, ನಾನು ಹೇಳುವುದಿಲ್ಲ ಎಂದ. ಆಮೇಲೆ ಗಾಳದ ಅಂಗಡಿಯಾಕೆಗೂ ಹೇಳಬೇಕು, ಸಂಜೆ ಅಲ್ಲಿಗೆ ಬನ್ನಿ ಎಂದ. ಭಾವನಿಗೆ ಅವನು ಹೀಗೆ ಮಾಡಿ ಎಂದು ಹೇಳಿದ್ದು ಇದುವರೆಗೆ ಇರಲಿಲ್ಲ.

ಹೆಂಡತಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವಳು ಬಟ್ಟೆ ಒಣಹಾಕುತ್ತಿದ್ದಳು. ಕೇಳಿ ಮುಗಿದ ಮೇಲೂ ಒಣಹಾಕುವುದನ್ನು ನಿಲ್ಲಿಸಲಿಲ್ಲ. ಅವನ ಅಂಗಿಯನ್ನು ಹಗ್ಗಕ್ಕೆ ಹಾಕಿ, ತೋಳುಗಳನ್ನು ಎಳೆದು ನೆಟ್ಟಗೆ ಮಾಡಿ, ಅವನ ಮುಖ ನೋಡದೆ ಒಳಗೆ ಹೋದಳು. ಚಮಚದ ಕಥೆಯನ್ನು ಅವಳು ಆಮೇಲೆ ನೆಂಟರ ಮುಂದೆ ಹೇಳಲಿಲ್ಲ.

ಸಂಜೆ ಅಂಗಡಿಯ ಮುಂದೆ ಟೇಪು ಮೊದಲೇ ಬಂದು ನಿಂತಿದ್ದ. ಕಿಡಿ ಒಳಗೆ ಹೋಗಿ, ಗಾಜಿನ ಮೇಲೆ ಕಣ್ಣಿಟ್ಟು, ಅವತ್ತು ತುದಿ ಹಿಡಿದು ಮುರಿದವನು ತಾನು, ಮಾಲಿನಲ್ಲಿ ದೋಷವಿರಲಿಲ್ಲ ಎಂದ. ಅಂಗಡಿಯಾಕೆ ಗೊತ್ತು ಎಂದಳು. ಮುರಿದ ಜಾಗ ನೋಡಿದಾಗಲೇ ತಿಳಿಯಿತು, ಹಿಡಿಯ ಕಡೆಯಿಂದ ಎಳೆದರೆ ಅಲ್ಲಿ ಮುರಿಯುವುದಿಲ್ಲ ಎಂದಳು. ಅಷ್ಟು ದಿನವೂ ಒಬ್ಬ ಪರಿಚಯವಿಲ್ಲದ ಹೆಂಗಸು ತನ್ನನ್ನು ಏನೆಂದು ತಿಳಿದಿದ್ದಳೋ ಎಂದು ನೆನೆದು ಕಿಡಿಯ ಕಿವಿ ಬಿಸಿಯಾಯಿತು. ಜೇಬಿಗೆ ಕೈ ಹಾಕಿ, ಹೊಸ ರಾಡಿಗೆ ತಾನು ಕೊಡುತ್ತೇನೆ ಎಂದ. ಟೇಪು ತಡೆದ.

"ಮುರಿದದ್ದಕ್ಕೆ ನೀವು ಕೊಡಿ, ಅದು ನ್ಯಾಯ. ಹೊಸದನ್ನ ನಾನೇ ತಗೋತೀನಿ. ನೀವು ಹೊರಗೆ ನಿಂತಿರಿ ಭಾವ."

ಕಿಡಿ ಹೊರಗೆ ಬಂದು ನಿಂತ. ಗಾಜಿನ ಬಾಗಿಲಿನಿಂದ ಎಲ್ಲವೂ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಹಾದುಹೋಗುವವರು, ಇವನು ಒಳಗೂ ಹೋಗುವುದಿಲ್ಲ ಆಚೆಗೂ ಹೋಗುವುದಿಲ್ಲ ಎಂಬಂತೆ ನೋಡಿ ಹೋದರು. ಹಾಳೆ ಹರಿದು ತರಗತಿಯ ಹೊರಗೆ ನಿಂತ ಹುಡುಗನ ಹಾಗಾಗಿತ್ತು ಅವನ ಸ್ಥಿತಿ.

ಒಳಗೆ ಟೇಪು ರಾಡ್‌ಗಳನ್ನು ಒಂದೊಂದಾಗಿ ಕಣ್ಣಿನ ನೇರಕ್ಕೆ ಹಿಡಿದು, ರಿಂಗುಗಳು ಒಂದೇ ಸಾಲಿನಲ್ಲಿವೆಯೇ ಎಂದು ಹೊಲಿಗೆ ನೋಡುವ ಹಾಗೆ ನೋಡಿದ. ಜೇಬಿನಿಂದ ಅಸ್ತರಿನ ನುಣುಪು ಚಿಂದಿ ತೆಗೆದು ಪ್ರತಿ ರಿಂಗಿನ ಒಳಗೂ ಎಳೆದ. ಎಲ್ಲಿ ಎಳೆ ಸಿಕ್ಕಿಕೊಂಡಿತೋ ಆ ರಾಡನ್ನು ಪಕ್ಕಕ್ಕಿಟ್ಟ. ಅಲ್ಲಿ ನಾಳೆ ಗಾಳದ ದಾರವೂ ಹರಿಯುತ್ತದೆ. ಇದು ಕಿಡಿಗೆ ಎಂದೂ ಹೊಳೆದಿರಲಿಲ್ಲ. ಕೊನೆಗೆ ಉಳಿದದ್ದು ಮತ್ತೊಂದು ಕಪ್ಪು ರಾಡ್, ಹೋದ ಸಲದ್ದಕ್ಕಿಂತ ಸ್ವಲ್ಪ ಗಿಡ್ಡ. ಅಂಗಡಿಯಾಕೆ ರೀಲು ಹಾಕಿ, ದಾರ ಪೋಣಿಸಿ, ಅದರ ಕೊನೆಯನ್ನು ಕೈಗೆ ಸುತ್ತಿಕೊಂಡು, ತಗ್ಗಿನಲ್ಲಿ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದಳು. ರಾಡ್ ತುದಿಯಿಂದ ನಡುವಿನವರೆಗೆ ಮೆಲ್ಲಗೆ ಬಾಗಿತು. ಟೇಪುವಿನ ಕೈ ನಡುಗುತ್ತಿತ್ತು, ಹೊರಗಿನಿಂದಲೂ ಕಾಣುತ್ತಿತ್ತು. ಅವನು ಹಿಡಿ ಬಿಡಲಿಲ್ಲ. ಅವಳು ಇನ್ನೂ ಎಳೆದಳು. ಅವನು ಒಂದು ಕಾಲು ಹಿಂದಿಟ್ಟು, ತುಟಿ ಕಚ್ಚಿ ತಡೆದು ನಿಂತ.

ಕಿಡಿಯ ಎರಡೂ ಕೈ ತಾವಾಗಿಯೇ ಮುಷ್ಟಿಯಾಗಿದ್ದವು. ಯಾರಾದರೂ ನೋಡಿಯಾರೆಂದು ಜೇಬಿಗೆ ಹಾಕಿಕೊಂಡ.

ರಾಡಿನ ಎರಡು ತುಂಡುಗಳನ್ನು ಬಿಚ್ಚಿ, ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಟೇಪು ಹೊರಗೆ ಬಂದ. ತಾನು ಹಿಡಿದುಕೊಳ್ಳುತ್ತೇನೆ ಎಂದು ಕಿಡಿ ಕೈ ಚಾಚಿದ. ಟೇಪು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. ಚಾಚಿದ ಕೈಯಿಂದ ಕಿಡಿ ತನ್ನ ಕತ್ತು ಕೆರೆದುಕೊಂಡ. ಇಬ್ಬರೂ ನಡೆದರು, ಟೇಪು ಮುಂದೆ, ಕಿಡಿ ಹಿಂದೆ. ಬಸ್ ನಿಲ್ದಾಣದವರೆಗೂ ತಡೆದುಕೊಂಡು, ಕೊನೆಗೆ ಕಿಡಿ ಕೇಳಿದ:

"ಭಾನುವಾರ ಬರ್ತೀಯಾ?"

"ಬರ್ತೀನಿ," ಎಂದ ಟೇಪು. ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಸೇರಿಸಿದ, "ನಿಮ್ಮ ಪಕ್ಕದಲ್ಲಿ ಕೂರಲ್ಲ."

ಕಿಡಿ ಆಯಿತು ಎಂದ. ಆಚೆ ದಡದಲ್ಲಿ ಜೊಂಡು ಚೆನ್ನಾಗಿದೆ, ಅಲ್ಲಿ ಕೂರು, ಮೀನು ಅಲ್ಲೇ ಜಾಸ್ತಿ ಎಂದು ಹೇಳಬೇಕೆನಿಸಿತು. ಅದು ತನ್ನದೇ ಜಾಗ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದ. ಟೇಪು ಹೌದು ಭಾವ ಎನ್ನಲಿಲ್ಲ. ನೋಡೋಣ ಎಂದ.